ಒಂದೇ ಹೊಟ್ಟೆಯ ರಕ್ತ

ಬಲಗೈ ಎದೆಯ ಮಟ್ಟಕ್ಕೆ ಬಂತು, ಅದರಾಚೆಗೆ ಬರಲಿಲ್ಲ. ಮಂಜುಳಾ ಕನ್ನಡಿಯ ಮುಂದೆ ನಿಂತು ಮತ್ತೊಮ್ಮೆ ಎತ್ತಿ ನೋಡಿದಳು. ಭುಜದೊಳಗೆ ಯಾರೋ ಅಗುಳಿ ಹಾಕಿದಂತೆ ಅಲ್ಲಿಗೇ ನಿಂತಿತು. ಹೆರಳು ಹಾಕಿಕೊಳ್ಳುವ ಆಸೆ ಬಿಟ್ಟು ಎಡಗೈಯಿಂದಲೇ ಕೂದಲನ್ನು ಗಂಟು ಸುತ್ತಿ ಕ್ಲಿಪ್ಪು ಹಾಕಿದಳು. ಇವತ್ತು ಮುಂಡರಗಿಯ ತವರಲ್ಲಿ ತಂಗಿ ಸ್ನೇಹಾಳ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಓಣಿಯ ಹೆಂಗಸರನ್ನೆಲ್ಲ ಕರೆದು ಸಿಹಿ ಉಣ್ಣಿಸುವ ದಿನ. ಅಕ್ಕನಾದವಳು ಹೀಗೆ ಗಂಟು ಕಟ್ಟಿಕೊಂಡು ಹೋದರೆ ಜನ ಏನೆಂದಾರು ಅನ್ನಿಸಿತು. ಜನರ ಮಾತಿಗೆ ಹೆದರುವಷ್ಟು ಪುರಸೊತ್ತು ತನಗೆ ಇನ್ನೂ ಇದೆಯಲ್ಲ ಎಂದು ಅದರ ಹಿಂದೆಯೇ ನಗು ಬಂತು. ವ್ಯಾನಿಟಿ ಬ್ಯಾಗಿನ ಒಳಜಿಪ್ಪಿನಲ್ಲಿ ನಿನ್ನೆಯ ರಿಪೋರ್ಟು ನಾಲ್ಕು ಮಡಿಕೆಯಾಗಿ ಕೂತಿತ್ತು. ಗಂಡ ಹೊನ್ನೇಶನಿಗೆ ಅದನ್ನಿನ್ನೂ ತೋರಿಸಿರಲಿಲ್ಲ. ಆತ ಬೆಟಗೇರಿಯ ತನ್ನ ಹಿಟ್ಟಿನ ಗಿರಣಿ ತೆರೆಯುವ ಗಡಿಬಿಡಿಯಲ್ಲಿ, ನಿಂತುಕೊಂಡೇ ಚಹಾ ಕುಡಿಯುತ್ತ, ಕೈ ಹೇಗಿದೆ ಎಂದು ಕೇಳಿದ್ದ. ಕಡಿಮೆ ಐತಿ ಎಂದಿದ್ದಳು. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ಅತಿ ಹೆಚ್ಚು ಸಲ ಆಡಿದ ಮಾತು ಅದೇ ಇರಬೇಕು.

ಗದಗಿನಲ್ಲಿ ಹತ್ತಿದ ಬಸ್ಸಿನಲ್ಲಿ ಕಿಟಕಿಯ ಕಡೆ ಮಗಳು ಶಿವಲೀಲಾ ಕೂತಿದ್ದಳು. ಎಂಟು ತುಂಬಿದ ಹುಡುಗಿ, ವಯಸ್ಸಿಗೆ ಮೀರಿದ ಮೈ. ದೀಪಾವಳಿಗೆ ಹೊಲಿಸಿದ ಪರಕರ ಪೋಲಕ ಆಗಲೇ ಬಿಗಿಯಾಗಿತ್ತು. ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳನ್ನು ನೋಡಲು ಅವಳು ಮುಂದೆ ಬಾಗಿದಾಗ ಎರಡು ಜಡೆಗಳ ನಡುವೆ ಕುತ್ತಿಗೆ ಕಾಣಿಸಿತು. ಅಲ್ಲಿ ಚರ್ಮ ಕಪ್ಪಾಗಿ, ದಪ್ಪವಾಗಿ, ಗೆರೆಗೆರೆಯಾಗಿತ್ತು. ಮಂಜುಳಾ ಕಣ್ಣು ಹೊರಳಿಸಿ ಮುಂದಿನ ಸೀಟಿನವನ ಟೋಪಿ ನೋಡಿದಳು. ಎರಡು ವರ್ಷ ಅವಳು ಆ ಕುತ್ತಿಗೆಯನ್ನು ತಿಕ್ಕಿದ್ದಳು. ಮೊದಲು ಕಡಲೆ ಹಿಟ್ಟು, ಆಮೇಲೆ ಲಿಂಬೆಹಣ್ಣಿನ ಹೋಳು, ಆಮೇಲೆ ಯಾರೋ ಹೇಳಿದರೆಂದು ಅಡಿಗೆ ಸೋಡಾ. ಶಾಲೆಯ ಪಾಲಕರ ಸಭೆಯಲ್ಲಿ ಟೀಚರು ದನಿ ತಗ್ಗಿಸಿ, ಕುತ್ತಿಗೆಯನ್ನು ಸ್ವಲ್ಪ ಸ್ವಚ್ಛ ತೊಳೆದು ಕಳಿಸಿ, ಉಳಿದ ಹುಡುಗರು ನಗುತ್ತಾರೆ ಎಂದ ದಿನ, ಮನೆಗೆ ಬಂದವಳೇ ಹಿಮ್ಮಡಿ ತಿಕ್ಕುವ ಕಲ್ಲು ಕೈಗೆ ತೆಗೆದುಕೊಂಡಿದ್ದಳು. ಹುಡುಗಿ ಬಚ್ಚಲಲ್ಲಿ ಕುಕ್ಕರಿಸಿ, ಅಳದೆ, ಹೋತೇನು ಮಮ್ಮಿ, ಹೋತೇನು ಎಂದು ಕೇಳುತ್ತಲೇ ಇತ್ತು. ರಕ್ತ ಜಿನುಗಿದ ಮೇಲಷ್ಟೇ ಕೈ ನಿಂತಿತ್ತು. ನಿನ್ನೆ ಡಾಕ್ಟರಮ್ಮ ಅದೇ ಜಾಗದ ಮೇಲೆ ಬೆರಳಾಡಿಸಿ, ಇದು ಕೊಳೆಯಲ್ಲ, ಒಳಗಿನಿಂದ ಬಂದದ್ದು, ತಿಕ್ಕಿದರೆ ಹೋಗುವುದಲ್ಲ ಎಂದರು. ಸಕ್ಕರೆಯನ್ನು ಅರಗಿಸುವ ಕೆಲಸ ಮೈಗೆ ಭಾರವಾದಾಗ ಕೆಲವು ಮಕ್ಕಳ ಕುತ್ತಿಗೆಯಲ್ಲಿ ಹೀಗೆ ಕಾಣುತ್ತದಂತೆ. ತಾಯಿಗೆ ಬಸುರಿನಲ್ಲಿ ಸಕ್ಕರೆ ಇದ್ದದ್ದೂ ಒಂದು ಕಾರಣ ಇರಬಹುದು ಎಂದು ಅವರು ಹತ್ತು ಕಾರಣಗಳ ನಡುವೆ ಮೆಲ್ಲಗೆ ಸೇರಿಸಿ ಹೇಳಿದ್ದರು. ಮಂಜುಳಾಗೆ ಉಳಿದ ಒಂಬತ್ತು ಕೇಳಿಸಿರಲಿಲ್ಲ. ತಾನೇ ಕೊಟ್ಟದ್ದನ್ನು ತಾನೇ ಕಲ್ಲು ಹಿಡಿದು ತೆಗೆಯಲು ಹೋಗಿದ್ದೆ ಎಂಬುದೊಂದೇ ಬಸ್ಸಿನ ಸದ್ದಿನ ಜೊತೆ ತಲೆಯಲ್ಲಿ ತಿರುಗುತ್ತಿತ್ತು.

ಅವಳು ಹೋದದ್ದು ಭುಜದ ನೋವಿಗೆ. ಗುಳಿಗೆಯೊಂದು ಬರೆಸಿಕೊಂಡು ಬಂದರಾಯಿತೆಂದು ಹೋದವಳನ್ನು ಡಾಕ್ಟರಮ್ಮ ಬಿಡಲಿಲ್ಲ. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ ಬರುತ್ತದೆಯೇ, ಅಂಗಾಲು ಉರಿಯುತ್ತದೆಯೇ, ಮಧ್ಯಾಹ್ನ ಉಂಡ ಮೇಲೆ ಕಣ್ಣು ಎಳೆಯುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಹೌದು ಎನ್ನುತ್ತ ಹೋದಂತೆ ಅವಳಿಗೆ ತನ್ನ ಮೈ ತನಗಿಂತ ಮೊದಲೇ ಇವರ ಹತ್ತಿರ ಬಂದು ಚಾಡಿ ಹೇಳಿ ಹೋಗಿದೆಯೇನೋ ಅನ್ನಿಸಿತು. ರಕ್ತ ಕೊಟ್ಟು, ಮೂರನೆಯ ದಿನ ರಿಪೋರ್ಟು ಹಿಡಿದು ಮತ್ತೆ ಹೋದಾಗ ಅವರು ಕನ್ನಡಕ ತೆಗೆದಿಟ್ಟು ಹೇಳಿದರು. ಇದು ನಿನ್ನೆ ಮೊನ್ನೆಯ ಸಕ್ಕರೆಯಲ್ಲ, ಬಂದು ಎಷ್ಟೋ ವರ್ಷ ಆಗಿರಬೇಕು. ಲಿವರಿನಲ್ಲಿ ಕೊಬ್ಬು ಕೂತಿದೆ. ಎಲ್ಲ ಸೇರಿ ಮೈಯೊಳಗೆ ಸಣ್ಣದೊಂದು ಉರಿ ಹೊತ್ತಿಕೊಂಡೇ ಇರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಒಸಡು, ಭುಜ, ಆಮೇಲೆ ರಕ್ತನಾಳ, ಎಲ್ಲಕ್ಕೂ ತಾಗುತ್ತ ಹೋಗುತ್ತದೆ. ಮಗಳು ಹೊಟ್ಟೆಯಲ್ಲಿದ್ದಾಗ ಸಕ್ಕರೆ ಇತ್ತೆಂದಿರಲ್ಲ, ಹಡೆದ ಮೇಲೆ ಪರೀಕ್ಷೆ ಮಾಡಿಸಿದ್ದಿರಾ ಎಂದು ಕೇಳಿದರು.

"ಮಾಡಿಸಿದ್ವಿರಿ. ನಾರ್ಮಲ್ ಇತ್ತರಿ," ಎಂದಳು ಮಂಜುಳಾ.

ಎಷ್ಟು ನಯವಾಗಿ ಬಂತು ಆ ಮಾತು. ಡಾಕ್ಟರಮ್ಮ ಅದನ್ನು ಬರೆದುಕೊಂಡರು. ಆಮೇಲೆ ವರ್ಷ ವರ್ಷ ತೋರಿಸಿದಿರಾ ಎಂದಾಗ ಅವಳು ಬ್ಯಾಗಿನ ಜಿಪ್ಪು ಎಳೆಯುತ್ತ ಕೂತಳು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗಳ ಬಗ್ಗೆ, ಊಟದ ಬಗ್ಗೆ, ನಡಿಗೆಯ ಬಗ್ಗೆ ಹೇಳಿ, ಏಳುವಾಗ ಕೊನೆಗೆ ಕೇಳಿದರು: "ನಿಮಗ ತಂಗಿ ಗಿಂಗಿ ಅದಾರೇನ್ರಿ? ಅವರು ಬಸುರಿದ್ರ ತಡಾ ಮಾಡದ ಗ್ಲೂಕೋಸ್ ಟೆಸ್ಟ್ ಮಾಡಿಸಾಕ ಹೇಳ್ರಿ. ಇದು ಮನಿತನದಾಗ ಬರತೈತಿ." ಮಂಜುಳಾ ಹೂಂ ಎಂದು ತಲೆಯಾಡಿಸಿ, ಮಗಳ ಕೈ ಹಿಡಿದು, ಹೊರಗೆ ತನ್ನ ಚಪ್ಪಲಿ ಬಿಟ್ಟು ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಬಂದುಬಿಟ್ಟಿದ್ದಳು. ಚಪ್ಪಲಿಯ ಒಡತಿ ಹಿಂದಿನಿಂದ ಕೂಗಿ, ಎಲ್ಲರೆದುರು ಕಾಲಿನಿಂದ ಬಿಚ್ಚಿಸಿಕೊಂಡಿದ್ದಳು.

ಮೈಯೊಳಗಿನ ಉರಿ ಎಂದರೆ ಅವಳಿಗೆ ಕಾಣುವುದು ಬಾಣಂತಿ ಮಲಗುವ ಹೊರಸಿನ ಕೆಳಗಿನ ಕೆಂಡ. ಎಂಟು ವರ್ಷದ ಹಿಂದೆ, ಮುಂಡರಗಿಯ ಮನೆಯ ಒಳಕೋಣೆ, ಕಿಟಕಿಗೆ ಗೋಣಿಚೀಲ. ಕೆಳಗೆ ಅಗ್ಗಿಷ್ಟಿಕೆ, ಮೇಲೆ ಅವಳು, ಪಕ್ಕದಲ್ಲಿ ಲೋಬಾನದ ಹೊಗೆಗೆ ಕೆಮ್ಮುವ ಕೂಸು. ತಾಯಿ ತಿಪ್ಪವ್ವ ಹೊತ್ತುಹೊತ್ತಿಗೆ ಅಳವಿ ಪಾಯಸ, ತುಪ್ಪದಲ್ಲಿ ತೇಲುವ ಅನ್ನ, ಅಂಟಿನ ಉಂಡೆ ತಂದು ಬಾಯಿಗಿಡುತ್ತಿದ್ದಳು. ಬಸುರಿನ ಕೊನೆಯ ಮೂರು ತಿಂಗಳು ಸಿಹಿ ಮುಟ್ಟಬೇಡ ಎಂದಿದ್ದ ಆಸ್ಪತ್ರೆಯವರ ಮೇಲೆ ತಿಪ್ಪವ್ವಗೆ ಸಿಟ್ಟಿತ್ತು; ಆ ಮೂರು ತಿಂಗಳ ಬಾಕಿಯನ್ನೆಲ್ಲ ಒಂದೇ ತಿಂಗಳಲ್ಲಿ ತೀರಿಸಲು ಹೊರಟಿದ್ದಳು. ಸಕ್ಕರೆ ಹೆರಿಗೆಯಲ್ಲಿ ಮಾಸಿನ ಜೊತೆಗೇ ಹೋಯಿತೆಂದು ಅವಳ ನಂಬಿಕೆ. ಆರನೆಯ ವಾರ ನರ್ಸ್ ಗುಲಾಬಬಿ ಬಂದಳು. ಓಣಿಯ ಎಲ್ಲ ಹೆರಿಗೆಗಳ ಲೆಕ್ಕ ಅವಳ ಬಾಯಲ್ಲಿರುತ್ತಿತ್ತು. ಚೀಟಿ ಬರೆದುಕೊಟ್ಟು, ಬರುವ ಸೋಮವಾರ ಬರಿಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಬೇಕು, ಗ್ಲೂಕೋಸ್ ನೀರು ಕುಡಿದು ರಕ್ತ ಕೊಡಬೇಕು, ತಪ್ಪಿಸಿದರೆ ನಾನು ಸುಮ್ಮನಿರುವುದಿಲ್ಲ ಎಂದು ಹೇಳಿ ಹೋದಳು. ಆದರೆ ಹಸಿ ಬಾಣಂತಿ ಮೂರು ತಿಂಗಳಾಗದೆ ಹೊಸ್ತಿಲು ದಾಟುವುದೆಂದರೇನು? ಅದೂ ಬರಿಹೊಟ್ಟೆಯಲ್ಲಿ, ಅದೂ ಶ್ರಾವಣದ ಗಾಳಿಯಲ್ಲಿ. ತಿಪ್ಪವ್ವ ಎರಡು ದಿನ ಗೊಣಗಿದಳು. ಗುಲಾಬಬಿಯ ಬಾಯಿಗೂ ಅಂಜಿಕೆ, ಗಾಳಿಗೂ ಅಂಜಿಕೆ. ಸೋಮವಾರ ಬೆಳಿಗ್ಗೆ ದಾರಿ ಹೊಳೆಯಿತು.

"ಒಂದ ಹೊಟ್ಟ್ಯಾಗ ಹುಟ್ಟಿದವರ ರಕ್ತ ಬ್ಯಾರೆ ಬ್ಯಾರೆ ಇರತೈತೇನು?" ಎಂದಳು ತಿಪ್ಪವ್ವ. "ಸ್ನೇಹಾ ಹೋಗಿ ಕೊಟ್ಟ ಬರಲಿ."

ಸ್ನೇಹಾಗೆ ಆಗ ಹದಿನೆಂಟು. ಅಕ್ಕನ ಸೀರೆ ಉಟ್ಟು, ತಲೆಗೆ ಬಾಣಂತಿಯ ಸ್ಕಾರ್ಫ್ ಬಿಗಿದು, ಕಿವಿಗೆ ಹತ್ತಿ ಇಟ್ಟುಕೊಂಡು, ಸೊಂಟ ಹಿಡಿದು ನಡೆದು ತೋರಿಸಿದಳು. ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹೊಲಿಗೆ ಎಳೆದು ನೋವಾದರೂ ಮಂಜುಳಾ ನಕ್ಕಳು. ಲ್ಯಾಬಿನಲ್ಲಿ ಹೆಸರು, ವಯಸ್ಸು ಕೇಳಿದರಂತೆ. ಹುಡುಗಿ ಇಪ್ಪತ್ತೆಂಟು ಎಂದಳಂತೆ. ಯಾರೂ ಮುಖ ಎತ್ತಿ ನೋಡಲಿಲ್ಲವಂತೆ. ಮನೆಗೆ ಬಂದು ಗ್ಲೂಕೋಸ್ ನೀರನ್ನೆಲ್ಲ ಕಟ್ಟೆಯ ಪಕ್ಕ ವಾಂತಿ ಮಾಡಿಕೊಂಡಳು. ಮರುದಿನ ಕಾಗದ ಬಂತು, ಮೇಲೆ ಮಂಜುಳಾ ಎಂದು ಹೆಸರು, ಕೆಳಗೆ ನಾರ್ಮಲ್. ಅದನ್ನು ಓದಿದಾಗ ಅವಳ ಎದೆ ಖರೆಯಾಗಿ ಹಗುರಾಗಿತ್ತು. ಈಗ ಎಷ್ಟು ಸಲ ನೆನೆದರೂ ಅವಳಿಗೆ ಅರ್ಥವಾಗದ್ದು ಇದೊಂದೇ. ತನ್ನ ರಕ್ತವಲ್ಲವೆಂದು ಗೊತ್ತಿದ್ದೂ ತನಗೆ ಸಮಾಧಾನವಾಯಿತು, ಆ ಸಮಾಧಾನದಲ್ಲಿ ಎರಡು ಉಂಡೆ ಹೆಚ್ಚಿಗೆ ತಿಂದಳು. ಆಮೇಲೆ ಅದು ಮನೆಯ ನಗೆಮಾತಾಯಿತು. ಹಬ್ಬಕ್ಕೊಮ್ಮೆ ಯಾರಾದರೂ ಸ್ನೇಹಾಳ ಬಾಣಂತಿ ವೇಷ ನೆನೆಸಿಕೊಂಡು ನಗುತ್ತಿದ್ದರು. ವರ್ಷ ಕಳೆದಂತೆ ವೇಷವಷ್ಟೇ ನೆನಪಿನಲ್ಲಿ ಉಳಿದು, ನಾರ್ಮಲ್ ಎಂಬುದು ಮಂಜುಳಾಳದೇ ಆಯಿತು. ಒಮ್ಮೆ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಗುಲಾಬಬಿ, ನಿವೃತ್ತಿಯಾಗಿ ಸೊರಗಿದ್ದವಳು, ವರ್ಷಕ್ಕೊಮ್ಮೆ ಸಕ್ಕರೆ ನೋಡಿಸುತ್ತೀಯಲ್ಲ ಎಂದು ಕೈ ಹಿಡಿದು ಕೇಳಿದಾಗಲೂ, ನೋಡಿಸುತ್ತೇನೆ ಎಂದಿದ್ದಳು. ಆ ಮುದುಕಿ ಖುಷಿಯಿಂದ ಮಗಳ ಗಲ್ಲ ಹಿಂಡಿ ಹೋಗಿದ್ದಳು.

ಈಗ ಸ್ನೇಹಾಳ ಸರದಿ. ಎರಡು ತಿಂಗಳ ಹಿಂದೆಯೇ ಆಸ್ಪತ್ರೆಯವರು ಅವಳಿಗೆ ಗ್ಲೂಕೋಸ್ ಪರೀಕ್ಷೆ ಬರೆದುಕೊಟ್ಟಿದ್ದರು. ಆ ನೀರಿನ ಹೆಸರೆತ್ತಿದರೆ ವಾಂತಿ ಬರುತ್ತದೆಂದು ಅವಳು ಹೋಗಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಇದೆಯೇ ಎಂದು ಕೇಳಿದ್ದಕ್ಕೆ ಇಲ್ಲ ಎಂದಿದ್ದಳಂತೆ. ಫೋನಿನಲ್ಲಿ ಅದನ್ನು ಹೇಳುತ್ತ, ಎಂಟು ವರ್ಷದ ಹಿಂದೆಯೇ ಮುಂಗಡ ಕೊಟ್ಟೀನಲ್ಲ ಅಕ್ಕಾ ಎಂದು ನಕ್ಕಿದ್ದಳು. ಮಂಜುಳಾಳೂ ನಕ್ಕಿದ್ದಳು. ಇವತ್ತು ಹೇಳಲೇಬೇಕು, ಸಿಹಿ ಬಾಯಿಗೆ ಬೀಳುವ ಮೊದಲು ಹೇಳಬೇಕು ಎಂದು ಬೆಟಗೇರಿಯಿಂದ ಇಲ್ಲಿಯವರೆಗೆ ಮಾತು ಜೋಡಿಸುತ್ತ ಬಂದಿದ್ದಳು. ಬಸ್ಸಿನಿಂದ ಇಳಿಯುವಾಗ ಬಲಗೈಯಿಂದ ಕಂಬಿ ಹಿಡಿಯಲು ಹೋಗಿ ಕಣ್ಣಲ್ಲಿ ನೀರು ಬಂತು, ಜೋಡಿಸಿದ್ದೆಲ್ಲ ಚದುರಿತು.

ಮನೆಯ ಮುಂದೆ ಪೆಂಡಾಲು, ಒಳಗೆ ಎಳ್ಳು ಬೆಲ್ಲ ತುಪ್ಪದ ವಾಸನೆ. ಪಕ್ಕದ ಮನೆಯ ಗದಿಗೆವ್ವ ಎಪ್ಪತ್ತರ ಮುದುಕಿ. ಈ ಓಣಿಯಲ್ಲಿ ಅವಳ ಮುಂದಾಳತ್ವವಿಲ್ಲದೆ ಯಾವ ಬಸುರಿಗೂ ಕುಬಸವಾಗಿದ್ದಿಲ್ಲ. ಅವಳು ಪರಾತದಲ್ಲಿ ಮಾದಲಿ ಕಲಸುತ್ತ ಕೂತಿದ್ದಳು. ಗೋದಿ ನುಚ್ಚು, ಬೆಲ್ಲ, ಗಸಗಸೆ, ಕೊಬ್ಬರಿ. ಮಂಜುಳಾಳನ್ನು ನೋಡಿ, ಸೊರಗಿದ್ದೀಯಲ್ಲ ಎಂದಳು. ಅವಳ ಹಿಂದಿನಿಂದ ಬಂದ ಶಿವಲೀಲಾಳನ್ನು ನೋಡಿ, ತಾಯಿಯದನ್ನೆಲ್ಲ ಮಗಳೇ ಉಂಡಂತಿದೆ ಎಂದು ನಕ್ಕಳು. ಪರಾತದ ಸುತ್ತ ಕೂತವರೂ ನಕ್ಕರು. ಹುಡುಗಿ ಕೂಡಲೇ ಜಡೆಗಳನ್ನು ಹಿಂದಕ್ಕೆ ಎಳೆದು ಕುತ್ತಿಗೆ ಮುಚ್ಚಿಕೊಂಡಿತು. ಹಾಗೆ ಮುಚ್ಚಿಕೊಳ್ಳುವುದನ್ನು ಯಾವಾಗ ಕಲಿಯಿತೋ, ಮಂಜುಳಾಗೆ ಗೊತ್ತಾಗಿರಲಿಲ್ಲ.

ಒಳಕೋಣೆಯಲ್ಲಿ ಸ್ನೇಹಾ ಹಸಿರು ಸೀರೆಯಲ್ಲಿ ಕೂತಿದ್ದಳು, ತಲೆಗೆ ಹೂವಿನ ದಂಡಿ. ಮುಖ ತುಂಬಿಕೊಂಡಿತ್ತು. ತಿಪ್ಪವ್ವ ಮಗಳ ಕಾಲಿಗೆ ಅರಿಷಿಣ ಹಚ್ಚುತ್ತಿದ್ದಳು. ಎಂಟು ವರ್ಷದ ಹಿಂದಿನ ಅದೇ ಕೋಣೆ, ಅದೇ ಹೊರಸು. ಮಂಜುಳಾ ಬಾಗಿಲು ಮುಂದೆ ಮಾಡಿ, ಜೋಡಿಸಿದ್ದ ಮಾತೊಂದೂ ನೆನಪಾಗದೆ, ನನಗೆ ಸಕ್ಕರೆ ಬಂದಿದೆ ಎಂದಷ್ಟೇ ಹೇಳಿದಳು. ಬಂದು ಬಹಳ ವರ್ಷವಾಗಿದೆಯಂತೆ ಎಂದಳು. ತಿಪ್ಪವ್ವಳ ಕೈ ನಿಂತಿತು. ಇವತ್ತು ಆ ಮಾತು ಯಾಕೆ ಎಂದು ಮೆಲ್ಲಗೆ ಗದರಿದಳು. ಡಾಕ್ಟರುಗಳಿಗೆ ಅದೇ ಕೆಲಸ, ಆಗಲೂ ಹೀಗೇ ಹೆದರಿಸಿದ್ದರು ಎನ್ನುತ್ತ ಎದ್ದು ಟ್ರಂಕು ತೆಗೆದಳು. ಹೆಣ್ಣುಮಕ್ಕಳ ಜಾತಕ, ರೇಷನ್ ಕಾರ್ಡು ಇರುವ ಪ್ಲಾಸ್ಟಿಕ್ ಚೀಲದಿಂದ ಹಳದಿಯಾದ ಕಾಗದವೊಂದನ್ನು ಹುಡುಕಿ ತೆಗೆದು ಮಂಜುಳಾಳ ಮುಂದೆ ಹಿಡಿದಳು. ಓದು ಬರದ ತಿಪ್ಪವ್ವ ಎಂಟು ವರ್ಷ ಅದನ್ನು ಜೋಪಾನ ಮಾಡಿದ್ದಳು. ಅವಳಿಗೆ ಅದರಲ್ಲಿ ಮೋಸ ಕಂಡಿರಲೇ ಇಲ್ಲ. ಮಗಳಿಗಾಗಿ ಮಾಡಿದ ಒಂದು ಒಳ್ಳೆಯ ಕೆಲಸದ ಗುರುತು ಅದು.

"ನೋಡವಾ, ನಾರ್ಮಲ್ ಬರದೈತಲ್ಲ," ಎಂದಳು.

"ಅದು ನಂದಲ್ಲ ಬೇ. ಸ್ನೇಹಾಂದು."

"ಒಂದ ರಕ್ತ ಅಲ್ಲೇನು?"

ಮಂಜುಳಾ ಬ್ಯಾಗಿನ ಜಿಪ್ಪು ಎಳೆದಳು. ನಾಲ್ಕು ಮಡಿಕೆ ಬಿಚ್ಚಿ, ತನ್ನ ಕಾಗದವನ್ನು ಆ ಹಳದಿ ಕಾಗದದ ಪಕ್ಕಕ್ಕೆ, ಹೊರಸಿನ ಮೇಲೆ ಇಟ್ಟಳು. ತಾಯಿಯ ಮೇಲೆ ಎಲ್ಲಿಯದೋ ಸಿಟ್ಟು ಬಂತು, ಆ ಸಿಟ್ಟು ನಿಜಕ್ಕೂ ತನ್ನ ಮೇಲಿನದೆಂದೂ ಗೊತ್ತಿತ್ತು.

"ಒಂದ ರಕ್ತ ಅಂದ್ರ, ಇದೂ ಅಕಿದ ಆತಲ್ಲ ಬೇ," ಎಂದಳು.

ತಿಪ್ಪವ್ವ ಎರಡೂ ಕಾಗದಗಳನ್ನು ನೋಡಿದಳು. ಯಾವುದು ಯಾವುದೆಂದು ಅವಳಿಗೆ ತಿಳಿಯುವಂತಿರಲಿಲ್ಲ. ಅರಿಷಿಣದ ಕೈಯನ್ನು ಸೀರೆಗೆ ಒರೆಸಿಕೊಂಡಳು. ಸ್ನೇಹಾ ಮಾತ್ರ ಓದಿದಳು, ಬೆರಳಿಟ್ಟು, ಒಂದೊಂದೇ ಸಾಲು. ಓದಿ ಮುಗಿಸಿ, ಅಕ್ಕ ಆಮೇಲೆ ಬೇರೆ ಕಡೆ ತೋರಿಸಿಕೊಂಡಿದ್ದಾಳೆಂದೇ ತಾನು ತಿಳಿದಿದ್ದೆ ಎಂದಳು. ದೂರಿದ ದನಿಯಲ್ಲ. ಇಷ್ಟು ವರ್ಷ ಎಲ್ಲರೂ ಸೇರಿ ನಕ್ಕಿದ್ದು ಇದಕ್ಕೇನು ಎಂದು ಕೇಳುವ ಹಾಗೆ ಇಬ್ಬರ ಮುಖವನ್ನೂ ನೋಡಿದಳು. ಮಂಜುಳಾ ಈಗಲೇ ಹೋಗೋಣ, ಹೊರಗಿನವರಿಗೆ ಏನಾದರೂ ಹೇಳೋಣ ಎನ್ನಬೇಕೆಂದಿದ್ದಳು. ಅಷ್ಟರಲ್ಲಿ ಗದಿಗೆವ್ವ ಬಾಗಿಲು ಬಡಿದಳು, ಹೊತ್ತು ಮೀರುತ್ತದೆ, ಬಸುರಿಯನ್ನು ಕರೆತನ್ನಿ ಎಂದು. ಸ್ನೇಹಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎದ್ದಳು.

"ಇವತ್ತೊಂದ ದಿನ ಬಿಡ ಅಕ್ಕಾ. ಮಂದಿ ಕುಂತಾರ. ನಾಳಿ ಮುಂಜಾನೆ ನೀನ ಕರಕೊಂಡ ಹೋಗು."

ಒಂದು ದಿನಕ್ಕೆ ಏನೂ ಆಗುವುದಿಲ್ಲ ಎಂದು ಮಂಜುಳಾಗೂ ಅನ್ನಿಸಿತು. ಆ ಮಾತು ಎಷ್ಟು ಹಳೆಯದೆಂದೂ ಅನ್ನಿಸಿತು. ಎಂಟು ವರ್ಷ ಅವಳು ಮುಂದೂಡಿದ್ದೆಲ್ಲ ಹೀಗೆ ಒಂದೊಂದೇ ದಿನ.

ಪೆಂಡಾಲಿನ ಕೆಳಗೆ ಸ್ನೇಹಾಳನ್ನು ಮಣೆಯ ಮೇಲೆ ಕೂಡಿಸಿದರು. ಎದುರಿಗೆ ಬಾಳೆ ಎಲೆ, ಅದರ ತುಂಬ ಹೋಳಿಗೆ, ಕಡಬು, ಮಾದಲಿ, ಮೂಲೆಯಲ್ಲಿ ರೊಟ್ಟಿ ಎಣ್ಣೆಗಾಯಿ. ಮೊದಲ ತುತ್ತು ಅಕ್ಕನದು ಎಂದು ಗದಿಗೆವ್ವ ಕರೆದಳು. ಮಂಜುಳಾ ಕೂತು, ರೊಟ್ಟಿಯ ಚೂರು ಮುರಿದು ಎಣ್ಣೆಗಾಯಿಗೆ ಅದ್ದಿದಳು. ಹೆಂಗಸರು ಗುಜುಗುಜು ಎಂದರು. ಮೊದಲು ಸಿಹಿ ಅಲ್ಲವೇ, ಇಷ್ಟು ವರ್ಷದ ಹೆಂಗಸಿಗೆ ಇದೂ ಹೇಳಿಕೊಡಬೇಕೇ ಎಂದು ಯಾರೋ ಅಂದರು. ಗದಿಗೆವ್ವ ಅವಳ ಕೈಯಿಂದ ರೊಟ್ಟಿ ಬಿಡಿಸಿ, ಅಂಗೈ ತುಂಬ ಮಾದಲಿ ಇಟ್ಟು, ಮೇಲೆ ತುಪ್ಪ ಹಾಕಿದಳು. ಮಂಜುಳಾ ಕೂತಲ್ಲೇ ಕೂತಳು. ಮಣೆಯ ಮೇಲಿನ ತಂಗಿಯ ಬಾಯಿ ಎತ್ತರದಲ್ಲಿತ್ತು. ಕೈ ಏಳುವುದಿಲ್ಲ ಎಂದಳು, ಭುಜ ಹಿಡಿದಿದೆ ಎಂದಳು. ಹಾಗೆನ್ನುವಾಗ ಆ ಕೆಟ್ಟ ಭುಜದ ಮೇಲೆ ಅವಳಿಗೆ ಮೊದಲ ಸಲ ಪ್ರೀತಿ ಬಂತು. ತಾನು ಆಡಲಾರದ್ದನ್ನು ಅದಾದರೂ ಆಡುತ್ತಿದೆಯಲ್ಲ ಎಂದುಕೊಂಡಳು. ಎಡಗೈಯಿಂದ ಉಣ್ಣಿಸುವಂತಿಲ್ಲ, ಹಾಗಾದರೆ ಇದು ಇಲ್ಲಿಗೇ ನಿಂತೀತು.

"ಅಷ್ಟ ಅಲ್ಲೇನವಾ, ನಾ ಎತ್ತತೀನಿ ತಾ," ಎಂದಳು ಗದಿಗೆವ್ವ.

ಮುದುಕಿ ಅವಳ ಮೊಣಕೈಯ ಕೆಳಗೆ ಕೈಯಿಟ್ಟು, ನೂರಾರು ಬಸುರಿಯರಿಗೆ ಉಣ್ಣಿಸಿದ ಬಲದಲ್ಲಿ, ಮೇಲಕ್ಕೆತ್ತಿದಳು. ಭುಜದೊಳಗೆ ಏನೋ ಹರಿದಂತಾಗಿ ಮಂಜುಳಾಳ ಬಾಯಿಂದ ಅವ್ವಾ ಎಂದು ಬಂತು, ಕಣ್ಣಿಂದ ನೀರು ಇಳಿಯಿತು. ತಂಗಿ ಎಂದರೆ ಎಷ್ಟು ಜೀವ ನೋಡಿ ಇವಳಿಗೆ, ಎಂದು ಯಾರೋ ತಾವೂ ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ನಿಂತ ತಿಪ್ಪವ್ವ ಈ ಕಡೆ ನೋಡಲಿಲ್ಲ. ಸ್ನೇಹಾ ಅಕ್ಕನ ಕಣ್ಣನ್ನೇ ನೋಡುತ್ತ ಬಾಯಿ ತೆರೆದಳು. ತುತ್ತು ಒಳಗೆ ಹೋಯಿತು. ಅವಳು ಅಗಿಯದೆ ಸ್ವಲ್ಪ ಹೊತ್ತು ಹಾಗೇ ಕೂತಳು, ಆಮೇಲೆ ನುಂಗಿದಳು.

ಹಿಡಿದ ಕೈಯನ್ನು ಗದಿಗೆವ್ವ ಇನ್ನೂ ಬಿಟ್ಟಿರಲಿಲ್ಲ. ಅಂಗೈಯಲ್ಲಿ ಅರ್ಧದಷ್ಟು ಮಾದಲಿ ಉಳಿದಿತ್ತು. ಅದನ್ನು ಚೆಲ್ಲಬಾರದು, ಮನೆಯ ಕೂಸಿಗೆ ಹಾಕಬೇಕು ಎಂದು ಶಿವಲೀಲಾಳನ್ನು ಹತ್ತಿರ ಕರೆದಳು. ಹುಡುಗಿ ಜಡೆಗಳನ್ನು ಹಿಂದಕ್ಕೆ ಸರಿಮಾಡಿಕೊಂಡು, ತಿನ್ನಲೇನು ಮಮ್ಮಿ ಎಂದು ಕೇಳುವ ಕಣ್ಣಿನಿಂದ ತಾಯಿಯನ್ನು ನೋಡುತ್ತ ಬಂದು ನಿಂತಿತು. ಮಂಜುಳಾ ಬೇಡ ಎನ್ನಲು ಬಾಯಿ ತೆರೆದಳು. ನೋವಿನಲ್ಲಿ ಉಸಿರು ಸಿಕ್ಕಿಹಾಕಿಕೊಂಡು ಮಾತು ಹೊರಡಲಿಲ್ಲ. ಗದಿಗೆವ್ವ ಅವಳ ಕೈಯನ್ನು ಆ ಕಡೆ ತಿರುಗಿಸಿದಳು.